ಬೆಳಗಾದ ಮೇಲಿನ ಅಶ್ವತ್ಥಾಮ

ಗದಾಯುದ್ಧದ ತಾಳಮದ್ದಳೆ ಕೂಟಕ್ಕೆ ಬಂದವರಲ್ಲಿ ಹೆಚ್ಚಿನವರು ಕಾಯುವುದು ವೈಶಂಪಾಯನ ಸರೋವರದ ದಡದ ಮಾತಿಗೆ. ನೀರೊಳಗೆ ಅಡಗಿದ ಕೌರವನನ್ನು ಭೀಮ ಮೂದಲಿಸಿ ಮೂದಲಿಸಿ ಮೇಲಕ್ಕೆಬ್ಬಿಸುವ ಆ ಸಂವಾದದಲ್ಲಿ ಅರ್ಥಧಾರಿಗಳ ನಾಲಗೆ ಹರಿತವಾಗುತ್ತದೆ, ಸಭೆ ಚುರುಕಾಗುತ್ತದೆ. ನಾನು ಕಾಯುವುದು ಅದೆಲ್ಲ ಮುಗಿದ ಮೇಲಿನ ಒಂದು ಸನ್ನಿವೇಶಕ್ಕೆ. ತೊಡೆ ಮುರಿದು ಬಿದ್ದಿರುವ ಅರಸನ ಹತ್ತಿರ ರಾತ್ರಿಯ ಕೊನೆಯ ಜಾವದಲ್ಲಿ ಅಶ್ವತ್ಥಾಮ ಬರುತ್ತಾನೆ. ಕೈಯಲ್ಲಿ ಐದು ತಲೆಗಳು. ಪಾಂಡವರನ್ನು ಮುಗಿಸಿಬಿಟ್ಟೆ ಎಂಬ ಹಿಗ್ಗು ಮುಖದಲ್ಲಿ. ಸಾಯುತ್ತಿರುವ ದುರ್ಯೋಧನ ಆ ತಲೆಗಳನ್ನು ನೋಡುತ್ತಾನೆ. ಅವು ದ್ರೌಪದಿಯ ಮಕ್ಕಳ ತಲೆಗಳು.

ವ್ಯಾಸರ ಸಂಸ್ಕೃತ ಭಾರತದಲ್ಲಿ ಈ ತಪ್ಪು ಗುರುತು ಇಲ್ಲ. ಅಲ್ಲಿ ಅಶ್ವತ್ಥಾಮನಿಗೆ ತಾನು ಕೊಂದವರು ಯಾರೆಂಬುದು ಗೊತ್ತಿದೆ. ಸುದ್ದಿ ಕೇಳಿದ ದುರ್ಯೋಧನ ನೆಮ್ಮದಿಯಿಂದಲೇ ಕಣ್ಣು ಮುಚ್ಚುತ್ತಾನೆ. ನಮ್ಮ ಯಕ್ಷಗಾನದ ಆಟ, ಕೂಟ, ಕಂಪನಿ ನಾಟಕಗಳಲ್ಲಿ, ಅಜ್ಜಿ ಹೇಳುವ ಕಥೆಯಲ್ಲಿ ಬಳಕೆಗೆ ಬಂದದ್ದು ಮಾತ್ರ ಈ ಇನ್ನೊಂದು ರೂಪ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕವನ್ನು ಉತ್ತರ ಕರ್ನಾಟಕದ ಹಳ್ಳಿಗಳು ದಶಕಗಳ ಕಾಲ ಮುಗಿಬಿದ್ದು ನೋಡಿದ್ದಕ್ಕೆ ಅದರ ಕಂದಪದ್ಯಗಳಷ್ಟೇ ಕಾರಣವಲ್ಲ ಎಂದು ನಾನು ತಿಳಿದಿದ್ದೇನೆ. ವೀರನೊಬ್ಬ ಮತಿಗೆಟ್ಟು ಮಾಡಿದ ಕೃತ್ಯವನ್ನು ಬೆಳಕು ಹರಿದಾಗ ತಾನೇ ನೋಡಬೇಕಾಗಿ ಬರುವುದು ಜನಕ್ಕೆ ಎಲ್ಲೋ ಒಳಗೆ ತಾಗುವ ಸಂಗತಿ. ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಬರೆಯುವಾಗ ಕಥೆಗೆ ಬಲ ಕೊಡುವ ಅಂಗಗಳಲ್ಲಿ ಒಂದಾಗಿ ಹೇಳಿದ್ದು ಇದನ್ನೇ: ಅರಿವಿಲ್ಲದವನು ಅರಿವಿಗೆ ಬರುವ ಗಳಿಗೆ.

ಇದನ್ನು ಬರೆಯಲು ಎಡನೀರಿಗಿಂತ ತಕ್ಕ ಊರು ನನಗೆ ತೋರುವುದಿಲ್ಲ. ಕಾಸರಗೋಡಿನ ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಈ ಊರು ದೇಶದ ವಕೀಲರಿಗೆಲ್ಲ ಒಂದು ಮೊಕದ್ದಮೆಯಿಂದ ಗೊತ್ತು. ಕೇರಳದ ಭೂಸುಧಾರಣೆ ಕಾನೂನಿನ ವಿಷಯದಲ್ಲಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಅಂತರದಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ತೀರ್ಪಿತ್ತಿತು. ಕಾಸರಗೋಡಿನ ಕನ್ನಡಿಗರಿಗೆ ಆ ಸ್ವಾಮೀಜಿ ಇನ್ನೊಂದು ಕಾರಣಕ್ಕೂ ದೊಡ್ಡವರು. 1960ರಲ್ಲಿ ಪೀಠವೇರಿ 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾಗುವವರೆಗೆ ಅವರು ಯಕ್ಷಗಾನಕ್ಕೆ ಆಸರೆಯಾಗಿದ್ದರು. ಸ್ವತಃ ಹಾಡುತ್ತಿದ್ದರು. ಭಾಗವತಿಕೆಗೂ ಕುಳಿತರು. ಮಠದ ಹೆಸರಿನ ಮೇಳವೂ ತಿರುಗಾಟ ಮಾಡಿತು. ತೋಟಕಾಚಾರ್ಯರ ಪರಂಪರೆಯ ಅದ್ವೈತ ಪೀಠವೊಂದು ರಾವಣ, ವಾಲಿ, ಕೌರವರ ಮಾತಿಗೆ ಅಂಗಳ ಬಿಟ್ಟುಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಬೇಶ ತಿಂಗಳ ಹತ್ತಕ್ಕೆ, ಪತ್ತನಾಜೆಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ, ತಾಳಮದ್ದಳೆಯ ಕಾಲ. ಆಷಾಢದ ಹುಣ್ಣಿಮೆಯಂದು ವ್ಯಾಸಪೂಜೆಯಾಗಿ ಚಾತುರ್ಮಾಸ್ಯ ಶುರುವಾದರೆ ಎಡನೀರಿನಲ್ಲಿ ಆಟ, ಕೂಟ, ಸಂಗೀತ ಜೊತೆಗೇ ಶುರು. ಹೊರಗೆ ಮಳೆ ಹೊಯ್ಯುವಾಗ ಒಳಗೆ ಭಾರತದ ಒಂದೊಂದು ಪರ್ವ. ಈ ಸೀಮೆಯೇ ಹಾಗೆ. ಕುಂಬಳೆಯ ಪಾರ್ತಿಸುಬ್ಬನಿಂದ ಹಿಡಿದು ಶೇಣಿ ಗೋಪಾಲಕೃಷ್ಣ ಭಟ್ಟರವರೆಗೆ ಯಕ್ಷಗಾನದ ಪದ್ಯಕ್ಕೂ ಮಾತಿಗೂ ಆಕಾರ ಕೊಟ್ಟ ದೊಡ್ಡ ಹೆಸರುಗಳು ಇಲ್ಲಿಯವು. 2006ರಲ್ಲಿ ತೀರಿಕೊಂಡ ಶೇಣಿಯವರು ಪ್ರತಿನಾಯಕರ ಒಳಮನಸ್ಸನ್ನು ತೆರೆದು ತೋರಿಸಿದ ರೀತಿಯನ್ನು ನೆನೆಯದೆ ಅರ್ಥಗಾರಿಕೆಯ ಮಾತು ಇಂದಿಗೂ ಮುಗಿಯುವುದಿಲ್ಲ.

ಆಟಕ್ಕೂ ಕೂಟಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಆಟದಲ್ಲಿ ವೇಷವಿದೆ, ಬಣ್ಣವಿದೆ, ಕುಣಿತವಿದೆ. ತೆಂಕುತಿಟ್ಟಿನ ರುದ್ರಭೀಮನನ್ನು ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ದುಶ್ಶಾಸನನ ಎದೆ ಬಗೆಯಲು ಬರುವ ಆ ಭೀಮ ಅದುವರೆಗೆ ರಂಗದಲ್ಲಿದ್ದ ಭೀಮನಲ್ಲ, ವೇಷವೇ ಬೇರೆ. ಕಥಕಳಿಯ ‘ದುರ್ಯೋಧನವಧ’ದಲ್ಲೂ ಹೀಗೇ ಒಬ್ಬ ರೌದ್ರಭೀಮನಿದ್ದಾನೆ. ಅವನ ಆವೇಶವನ್ನು ಕೊನೆಗೆ ಕೃಷ್ಣ ಇಳಿಸುತ್ತಾನೆ. ಎರಡು ಭಾಷೆಗಳ ಎರಡು ರಂಗಕಲೆಗಳು ಒಂದೇ ತೀರ್ಮಾನಕ್ಕೆ ಬಂದಿವೆ. ಮತಿ ಮೀರಿದ ಮನುಷ್ಯ ಹೊರನೋಟಕ್ಕೂ ಬೇರೆಯವನೇ ಆಗಿಬಿಡುತ್ತಾನೆ ಎಂಬ ತೀರ್ಮಾನ ಅದು.

ಕೂಟದಲ್ಲಿ ಈ ಅನುಕೂಲ ಯಾವುದೂ ಇಲ್ಲ. ನಡುವೆ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ. ಆಚೀಚೆ ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿಗಳು. ಎದ್ದು ನಿಲ್ಲುವಂತಿಲ್ಲ, ಕಣ್ಣು ಕೆಂಪು ಮಾಡಿಕೊಂಡು ಕಿರುಚಿದರೆ ಸಭೆಗೆ ಇರಿಸುಮುರಿಸು. ನಾಲ್ಕು ಸಾಲಿನ ಪದ್ಯವೊಂದನ್ನು ಹಿಡಿದು, ಬರೆದುಕೊಂಡು ಬಾರದ ಮಾತಿನಲ್ಲಿ, ಅರ್ಧ ಗಂಟೆ ಆ ಪಾತ್ರವಾಗಿ ಯೋಚಿಸಬೇಕು. ಯೋಚನೆಯೇ ಕೆಟ್ಟುಹೋದವನ ಪಾತ್ರವಾದರೆ? ಹದ ತಪ್ಪಿದ ಬುದ್ಧಿಯನ್ನು ಹದ ತಪ್ಪದ ಮಾತಿನಲ್ಲಿ ತೋರಿಸಬೇಕು. ಅರ್ಥಗಾರಿಕೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನಾನು ಕೇಳಿದ ಒಂದು ಕೂಟದಲ್ಲಿ ಹಿರಿಯರೊಬ್ಬರು ಅಶ್ವತ್ಥಾಮನ ಅರ್ಥ ಹೇಳಿದರು. ದನಿ ಏರಿಸಲಿಲ್ಲ. ಹಗುರಾಗಿ, ಮದುವೆ ಮನೆಯಿಂದ ಬಂದವರ ಹಾಗೆ ಖುಷಿಯಿಂದ ಮಾತಾಡಿದರು. ಐದು ಬೆರಳು ಮಡಚಿ ಒಂದೊಂದೇ ಬಿಡಿಸುತ್ತ, ಇದು ಧರ್ಮಜ, ಇದು ಭೀಮ ಎಂದು ಲೆಕ್ಕ ಒಪ್ಪಿಸಿದರು. ದುರ್ಯೋಧನನ ಅರ್ಥದವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಗುರುಪುತ್ರ, ಭೀಮನೆಂದೆಯಲ್ಲ, ಅವನಿಗೆ ಮೀಸೆ ಇದೆಯೇ ನೋಡು.’ ‘ಕತ್ತಲಲ್ಲಿ ಮೀಸೆ ಯಾರು ನೋಡಿದರು, ಮಹಾರಾಜ?’ ‘ಈಗ ಬೆಳಗಾಗುತ್ತಿದೆ. ಈಗ ನೋಡು.’ ಅಷ್ಟೇ. ಅಶ್ವತ್ಥಾಮನ ಬೆರಳುಗಳು ಬಿಡಿಸಿದಲ್ಲೇ ನಿಂತವು. ಭಾಗವತರು ಮುಂದಿನ ಪದ್ಯ ಎತ್ತಲು ಅವಸರ ಮಾಡಲಿಲ್ಲ, ಪುಣ್ಯ.

ಇಷ್ಟು ಕೇಳಿದವರು ಯೂರಿಪಿಡೀಸನ ಕೊನೆಯ ನಾಟಕಗಳಲ್ಲೊಂದಾದ ‘ಬ್ಯಾಕೈ’ಯನ್ನು ಒಮ್ಮೆ ಓದಬೇಕು. ಅವನು ಸತ್ತ ಮೇಲೆ, ಕ್ರಿಸ್ತಪೂರ್ವ 405ರ ಸುಮಾರಿಗೆ, ಅಥೆನ್ಸ್‌ನಲ್ಲಿ ಆಡಿದ ನಾಟಕ ಅದು. ಡಯೊನೈಸಸ್ ದೇವರ ಆವೇಶದಲ್ಲಿ ಅಗಾವೆ ಎಂಬ ತಾಯಿ ತನ್ನ ಮಗನನ್ನೇ ಸಿಂಹವೆಂದು ತಿಳಿದು ಸೀಳಿ ಹಾಕಿ, ತಲೆಯನ್ನು ಹಿಡಿದುಕೊಂಡು, ಬೇಟೆಯ ಹೆಮ್ಮೆಯಲ್ಲಿ ಊರಿಗೆ ಬರುತ್ತಾಳೆ. ಅವಳ ಮುದಿ ತಂದೆ ಕ್ಯಾಡ್ಮಸ್ ಬೈಯುವುದಿಲ್ಲ, ಸತ್ಯವನ್ನು ಮುಖಕ್ಕೆ ಎರಚುವುದೂ ಇಲ್ಲ. ಮೊದಲು ಆಕಾಶ ನೋಡು ಎನ್ನುತ್ತಾನೆ. ಅದು ಮೊದಲಿದ್ದ ಹಾಗೇ ಇದೆಯೋ, ಬದಲಾಗಿದೆಯೋ ಎಂದು ಕೇಳುತ್ತಾನೆ. ಆಮೇಲೆ, ನೀನು ಯಾವ ಮನೆಗೆ ಮದುವೆಯಾಗಿ ಹೋದೆ, ನಿನಗೆ ಹುಟ್ಟಿದ ಮಗ ಯಾರು, ಕೈಯಲ್ಲಿರುವ ತಲೆ ಯಾರದು. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ. 1970ರಲ್ಲಿ ಜಾರ್ಜ್ ಡೆವೆರೊ ಎಂಬ ವಿದ್ವಾಂಸ ಈ ದೃಶ್ಯವನ್ನು ಮಾನಸಿಕ ಚಿಕಿತ್ಸೆಯ ಕಣ್ಣಿನಿಂದ ಬಿಡಿಸಿ ಬರೆದ. ತಜ್ಞ ವೈದ್ಯ ರೋಗಿಯನ್ನು ಹೇಗೆ ಮೆಲ್ಲಗೆ ವಾಸ್ತವಕ್ಕೆ ಕರೆತರಬೇಕೋ ಆ ಕ್ರಮ ಇಲ್ಲಿದೆ ಎಂಬುದು ಅವನ ವಾದ.

ಇದೇ ಯೂರಿಪಿಡೀಸನ ‘ಹೆರಾಕ್ಲಿಸ್’ನಲ್ಲೂ ತಂದೆಯೇ ಆ ಕೆಲಸ ಮಾಡುತ್ತಾನೆ. ಹೆಂಡತಿ ಮಕ್ಕಳನ್ನು ಕೊಂದು ಮೈಮರೆತು ಮಲಗಿದ ಮಹಾವೀರ ಎಚ್ಚರವಾದಾಗ ಕಂಬಕ್ಕೆ ಕಟ್ಟಿಹಾಕಲ್ಪಟ್ಟಿರುತ್ತಾನೆ. ಸುತ್ತ ಬಿದ್ದ ಹೆಣಗಳು ಯಾರವು, ಕೊಂದವರು ಯಾರು ಎಂದು ಕೇಳುವವನು ಅವನೇ. ಉತ್ತರ ಹೇಳಬೇಕಾದವನು ಅವನಪ್ಪ ಆಂಫಿಟ್ರಿಯಾನ್.

ಮೂರೂ ಕಡೆ ಒಂದು ಸಂಗತಿ ಎದ್ದು ಕಾಣುತ್ತದೆ. ಹುಚ್ಚಿಗೆ ಒಬ್ಬನೇ ಸಾಕು, ತನ್ನನ್ನು ತಾನು ಗುರುತಿಸಲು ಇನ್ನೊಬ್ಬ ಬೇಕು. ತಾಳಮದ್ದಳೆಯ ಸ್ವಭಾವವೇ ಇದು. ಅಲ್ಲಿ ಎಷ್ಟು ದೊಡ್ಡ ಅರ್ಥಧಾರಿಯಾದರೂ ಇದಿರು ಅರ್ಥದವರು ಸರಿಯಾದ ಪ್ರಶ್ನೆ ಎತ್ತದಿದ್ದರೆ ಪಾತ್ರ ಮೇಲೇಳುವುದಿಲ್ಲ. ಪೀಠಿಕೆಯಲ್ಲಿ ಒಬ್ಬರೇ ಮುಕ್ಕಾಲು ಗಂಟೆ ಮಾತಾಡಬಹುದು, ಆದರೆ ಆ ಪಾತ್ರ ಯಾರು ಎನ್ನುವುದು ತಿಳಿಯುವುದು ಸಂವಾದದಲ್ಲಿ. ಮನೋವಿಜ್ಞಾನಿಗಳು ಗ್ರೀಕ್ ನಾಟಕದಲ್ಲಿ ಹುಡುಕಿದ್ದು ನಮ್ಮ ಕೂಟದ ಜಗಲಿಯಲ್ಲಿ ತಲೆಮಾರುಗಳಿಂದ ಅಭ್ಯಾಸವಾಗಿ ಉಳಿದಿದೆ.

ಅಶ್ವತ್ಥಾಮನನ್ನು ಗ್ರೀಕ್ ನಾಯಕನ ಪಕ್ಕದಲ್ಲಿಟ್ಟು ನೋಡಿದ ಮೊದಲ ದೊಡ್ಡ ಕನ್ನಡಿಗರು ಬಿ.ಎಂ.ಶ್ರೀ. ‘ಗದಾಯುದ್ಧ ನಾಟಕಂ’ ಬರೆದ ಮೇಲೆ 1929ರಲ್ಲಿ ಅವರು ‘ಅಶ್ವತ್ಥಾಮನ್’ ಪ್ರಕಟಿಸಿದರು. ಸೋಫೊಕ್ಲಿಸನ ‘ಅಜಾಕ್ಸ್’ ಅದಕ್ಕೆ ಮೂಲ. ಕನ್ನಡಕ್ಕೆ ಗಂಭೀರ ರುದ್ರನಾಟಕ ಬೇಕು ಎಂಬ ಹಂಬಲ ಅವರದು. ಎಲ್ಲ ಬಿಟ್ಟು ಅಜಾಕ್ಸ್‌ನನ್ನೇ ಏಕೆ ಆರಿಸಿದರು ಎಂಬುದಕ್ಕೆ ಕಥೆಯೇ ಉತ್ತರ.

ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಆಯುಧ ಕವಚಗಳು ತನಗೇ ಸಲ್ಲಬೇಕೆಂದು ಅಜಾಕ್ಸ್ ನಂಬಿದ್ದ. ಅವು ಒಡಿಸ್ಸಿಯಸ್‌ನ ಪಾಲಾದವು. ಅವಮಾನದಿಂದ ಕುದಿದ ಅಜಾಕ್ಸ್ ರಾತ್ರಿ ಕತ್ತಿ ಹಿಡಿದು ತನ್ನದೇ ಪಾಳೆಯದ ನಾಯಕರನ್ನು ಮಲಗಿದಲ್ಲೇ ಕಡಿಯಲು ಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ಕೊಂದದ್ದು ಸೇನೆಯ ದನಕುರಿಗಳನ್ನು, ಅವುಗಳನ್ನು ಕಾಯುತ್ತಿದ್ದವರನ್ನು. ಒಂದು ಟಗರನ್ನು ಡೇರೆಗೆ ಎಳೆತಂದು, ಒಡಿಸ್ಸಿಯಸ್ ಎಂದುಕೊಂಡು ಕಂಬಕ್ಕೆ ಕಟ್ಟಿ ಚಾಟಿಯಿಂದ ಹೊಡೆಯುತ್ತಾನೆ. ಅವಮಾನ, ರಾತ್ರಿ, ಮಲಗಿದವರ ಪಾಳೆಯ, ದೈವದ ಕೈವಾಡ, ತಪ್ಪು ಗುರುತು. ಸೌಪ್ತಿಕ ಪರ್ವವನ್ನೂ ನಮ್ಮ ಆಟ ಕೂಟಗಳನ್ನೂ ಬಲ್ಲ ಕನ್ನಡಿಗನಿಗೆ ಇದನ್ನು ಓದುವಾಗ ದ್ರೋಣನ ಮಗ ನೆನಪಾಗದೆ ಇರುವುದು ಸಾಧ್ಯವೇ ಇಲ್ಲ.

ಸೋಫೊಕ್ಲಿಸ್ ಕೊಲೆಯನ್ನು ರಂಗದ ಮೇಲೆ ತೋರಿಸುವುದಿಲ್ಲ. ಅಜಾಕ್ಸ್‌ನ ಜೊತೆ ಬಾಳುವ ಟೆಕ್ಮೆಸ್ಸಾ ಎಂಬ ಸೆರೆಯ ಹೆಣ್ಣಿನ ಬಾಯಿಂದ ಅದನ್ನು ಹೇಳಿಸುತ್ತಾನೆ. ಮತಿ ಮರಳಿದ ಅಜಾಕ್ಸ್ ಏನಾಯಿತೆಂದು ಅವಳನ್ನು ಗದರಿ ಕೇಳುತ್ತಾನೆ, ತಿಳಿದ ಮೇಲೆ ಗೂಳಿಯಂತೆ ನರಳುತ್ತಾನೆ, ಅನ್ನ ನೀರು ಬಿಟ್ಟು ಸತ್ತ ಪ್ರಾಣಿಗಳ ನಡುವೆ ಕುಳಿತುಬಿಡುತ್ತಾನೆ. ಅವಳ ಒಂದು ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಹುಚ್ಚಿದ್ದಾಗ ಅವನಿಗೆ ಸುಖವಿತ್ತು, ನೋವು ನಮಗಷ್ಟೇ ಇತ್ತು, ಈಗ ಅವನು ವಾಸಿಯಾಗಿದ್ದಾನೆ, ನೋವು ಇಬ್ಬರದೂ ಆಗಿದೆ ಎಂಬುದು ಅದರ ಸಾರ. ಮನೆಯಲ್ಲಿ ಇಂಥ ಕಾಯಿಲೆಯವರನ್ನು ಸಾಕಿದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಕಾಯಿಲೆ ಇಳಿಯುವುದು ಮತ್ತು ದುಃಖ ಇಳಿಯುವುದು ಒಂದೇ ದಿನ ಆಗುವುದಿಲ್ಲ.

ಅಜಾಕ್ಸ್ ಕೊಲ್ಲಲು ಹೊರಟಾಗ ಅವನಿಗೆ ಹುಚ್ಚು ಹಿಡಿದಿರಲಿಲ್ಲ ಎನ್ನುವುದನ್ನು ಮಾತ್ರ ಮರೆಯಬಾರದು. ಸ್ವಸ್ಥ ಬುದ್ಧಿಯಿಂದಲೇ ಕೊಲೆ ನಿಶ್ಚಯಿಸಿದ್ದ. ಅಥೀನಾ ಕೊಟ್ಟ ಹುಚ್ಚು ಕತ್ತಿಯ ಗುರಿಯನ್ನು ಬದಲಿಸಿತು, ಅಷ್ಟೇ. ಬೆಳಗಾದ ಮೇಲೆ ಅವನು ನಾಚುವುದು ಕೊಲ್ಲಹೊರಟದ್ದಕ್ಕಲ್ಲ, ಕುರಿಗಳನ್ನು ಕೊಂದು ವೈರಿಗಳ ನಗೆಗೆ ಗುರಿಯಾದದ್ದಕ್ಕೆ. ಅವನ ಆತ್ಮಜ್ಞಾನ ಅರ್ಧಕ್ಕೇ ನಿಂತ ಜ್ಞಾನ. ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದು ಸಾಯುವಾಗಲೂ ಅವನು ಶಪಿಸುವುದು ಇತರರನ್ನೇ.

ಅಶ್ವತ್ಥಾಮನನ್ನೂ ಇದೇ ಒರೆಗೆ ಹಚ್ಚಬೇಕು. ಸೌಪ್ತಿಕ ಪರ್ವದಲ್ಲಿ ಅವನು ಆಲದ ಮರದಡಿ ನಿದ್ದೆಯಿಲ್ಲದೆ ಕುಳಿತಿರುತ್ತಾನೆ. ಕೃಪ, ಕೃತವರ್ಮ ಮಲಗಿದ್ದಾರೆ. ಮರದಲ್ಲಿ ನಿದ್ರಿಸುವ ಕಾಗೆಗಳನ್ನು ಗೂಬೆಯೊಂದು ಬಂದು ಕೊಲ್ಲುತ್ತದೆ. ಅವನಿಗೆ ದಾರಿ ಹೊಳೆಯುವುದು ಅಲ್ಲಿ. ಸೋದರಮಾವ ಕೃಪ ಬೇಡವೆನ್ನುತ್ತಾನೆ, ಬೆಳಗಾಗಲಿ ಎನ್ನುತ್ತಾನೆ. ಕೇಳದೆ ಹೋದವನಿಗೆ ಪಾಂಡವರ ಪಾಳೆಯದ ಬಾಗಿಲಲ್ಲಿ ಮಹಾಭೂತವೊಂದು ಅಡ್ಡ ನಿಲ್ಲುತ್ತದೆ. ಆಯುಧಗಳೆಲ್ಲ ಸೋತಾಗ ಅಶ್ವತ್ಥಾಮ ತನ್ನನ್ನೇ ಆಹುತಿಯಾಗಿ ಶಿವನಿಗೆ ಒಪ್ಪಿಸಿಕೊಳ್ಳುತ್ತಾನೆ. ಶಿವ ಅವನಿಗೆ ಖಡ್ಗ ಕೊಟ್ಟು ಅವನ ಮೈಯನ್ನೇ ಹೊಗುತ್ತಾನೆ. ಒಳಗೆ ಹೋದವನು ಧೃಷ್ಟದ್ಯುಮ್ನನನ್ನು ಆಯುಧದಿಂದ ಸಾಯುವ ಗೌರವವನ್ನೂ ಕೊಡದೆ ತುಳಿದು ಕೊಲ್ಲುತ್ತಾನೆ. ಶಿಖಂಡಿ, ಉಪಪಾಂಡವರು ಎಲ್ಲರೂ ಅದೇ ರಾತ್ರಿ ಮುಗಿಯುತ್ತಾರೆ.

ಮೈಮೇಲೆ ಬರುವುದು ತುಳುನಾಡಿನವರಿಗೆ, ಕಾಸರಗೋಡಿನವರಿಗೆ ಹೊಸದಲ್ಲ. ಭೂತದ ಕೋಲದಲ್ಲೂ ತೆಯ್ಯಂನಲ್ಲೂ ದರ್ಶನ ಬಂದವನ ಮಾತು ಅವನ ಮಾತಲ್ಲ, ದೈವದ ನುಡಿ. ಆವೇಶ ಇಳಿದ ಮೇಲೆ ನೀನು ಹಾಗೇಕೆಂದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಹಾಗಾದರೆ ಶಿವ ಹೊಕ್ಕ ಅಶ್ವತ್ಥಾಮನನ್ನು ಕೇಳಬಹುದೇ? ಕೇಳಬಹುದು, ಕೇಳಲೇಬೇಕು ಎನ್ನುತ್ತೇನೆ ನಾನು. ದೈವದ ಪಾತ್ರಿ ಊರಿನ ಒಪ್ಪಿಗೆಯಿಂದ, ಊರಿನ ಎದುರು, ನೇಮದ ಕಟ್ಟಿನೊಳಗೆ ಆವೇಶಕ್ಕೆ ಮೈ ಒಡ್ಡುತ್ತಾನೆ. ಅಶ್ವತ್ಥಾಮ ಕೊಲೆಯನ್ನು ಮೊದಲು ನಿಶ್ಚಯಿಸಿ, ಹಿರಿಯನ ಬುದ್ಧಿಮಾತು ತಳ್ಳಿ, ಆಮೇಲೆ ಆವೇಶವನ್ನು ಬೇಡಿಕೊಂಡ. ಆವೇಶ ಅವನ ಕೈಗೆ ಬಲ ಕೊಟ್ಟಿತು, ಮನಸ್ಸಿಗೆ ಸಂಕಲ್ಪ ಕೊಟ್ಟದ್ದು ಅದಲ್ಲ.

ನಳನನ್ನು ನೆನೆದರೆ ವ್ಯತ್ಯಾಸ ತಿಳಿಯಾಗುತ್ತದೆ. ಅವನನ್ನು ಹೊಕ್ಕ ಕಲಿ ಅವನು ಕರೆದವನಲ್ಲ. ಹನ್ನೆರಡು ವರ್ಷ ಕಾದು, ಶೌಚದಲ್ಲಿ ಒಂದು ಸಣ್ಣ ಲೋಪ ಸಿಕ್ಕಾಗ ಒಳಗೆ ಬಂದವನು. ನಿದ್ದೆಯಲ್ಲಿದ್ದ ದಮಯಂತಿಯ ಸೀರೆಯ ಅರ್ಧ ಹರಿದುಕೊಂಡು ಹೊರಟ ನಳ ಮತ್ತೆ ಮತ್ತೆ ಅವಳ ಬಳಿಗೆ ಮರಳಿ ಬರುತ್ತಾನೆ. ಕಲಿ ಒಂದು ಕಡೆ ಎಳೆದರೆ ಪ್ರೀತಿ ಇನ್ನೊಂದು ಕಡೆ ಎಳೆಯುತ್ತದೆ. ಒಳಗಿನ ಮನುಷ್ಯ ಪೂರ್ತಿ ಸತ್ತಿಲ್ಲ ಎಂಬುದಕ್ಕೆ ಆ ಹೋಗಿಬರುವ ಹೆಜ್ಜೆಗಳೇ ಸಾಕ್ಷಿ. ಅದಕ್ಕೇ ಅವನ ಕಥೆ ಸುಖವಾಗಿ ಮುಗಿಯಬಹುದು. ಅಶ್ವತ್ಥಾಮ ಆಲದ ಮರದಿಂದ ಪಾಳೆಯದವರೆಗೆ ಒಮ್ಮೆಯೂ ಹಿಂದೆ ತಿರುಗುವುದಿಲ್ಲ.

ಅವನ ಪಕ್ಕದಲ್ಲಿ ದುರ್ಯೋಧನ ಬೆಳೆಯುತ್ತ ಹೋಗುವುದು ನಮ್ಮ ಕವಿಗಳು ಕಂಡ ದೊಡ್ಡ ಸತ್ಯ. ರನ್ನ ತನ್ನ ಕಾವ್ಯಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟು, ಭೀಮನಲ್ಲಿ ತನ್ನ ಅರಸ ಸತ್ಯಾಶ್ರಯನನ್ನು ಕಂಡು ಹೊಗಳಲು ಹೊರಟವನು. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಭೀಷ್ಮನನ್ನು ಕಾಣಲು ಅವನು ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದೆದುರು ನಿಂತು ಅವನಂಥ ಸಾವನ್ನು ತನಗೂ ಬಯಸುವಲ್ಲಿ ಛಲದ ಕವಚ ಒಂದು ಗಳಿಗೆ ಸಡಿಲಾಗುತ್ತದೆ. ಇಲ್ಲೂ ಪಕ್ಕದಲ್ಲೊಬ್ಬ ಸಂಜಯ ಇರಬೇಕಾಯಿತು ಎಂಬುದನ್ನು ಗಮನಿಸಬೇಕು. ಒಬ್ಬನೇ ನಡೆದಿದ್ದರೆ ಆ ಮಾತುಗಳು ಬಾಯಿಗೆ ಬರುತ್ತಿರಲಿಲ್ಲ.

ಕೇರಳದ ತಾಳೆಗರಿಗಳಲ್ಲಿ ಉಳಿದು, ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳಿಗೆ 1909ರ ಸುಮಾರಿಗೆ ಸಿಕ್ಕಿದ ಭಾಸನ ನಾಟಕಗಳಲ್ಲಿ ‘ಊರುಭಂಗ’ವೂ ಒಂದು. ನಾಯಕ ಕಣ್ಣೆದುರೇ ಸಾಯುವ ಸಂಸ್ಕೃತ ನಾಟಕ ಬಹಳ ಅಪರೂಪ, ಇದು ಅಂಥದ್ದು. ದುರ್ಯೋಧನನ ಪುಟ್ಟ ಮಗ ದುರ್ಜಯ ಎಂದಿನಂತೆ ತೊಡೆ ಏರಲು ಬರುತ್ತಾನೆ. ತೊಡೆ ಇಲ್ಲ. ದುರ್ಯೋಧನ ಮಗನಿಗೆ, ಪಾಂಡವರನ್ನು ನನ್ನಂತೆಯೇ ಸೇವಿಸು ಎನ್ನುತ್ತಾನೆ. ಅಷ್ಟರಲ್ಲಿ ಅಶ್ವತ್ಥಾಮ ಬಿಲ್ಲು ಹಿಡಿದು ಅಬ್ಬರಿಸುತ್ತ ಬರುತ್ತಾನೆ. ಬಿಲ್ಲು ಕೆಳಗಿಡು ಎಂದು ದುರ್ಯೋಧನ ಹೇಳಿದರೆ, ತೊಡೆಗಳ ಜೊತೆ ನಿನ್ನ ಅಭಿಮಾನವನ್ನೂ ಭೀಮ ಮುರಿದುಬಿಟ್ಟನೇ ಎಂದು ಕೇಳುತ್ತಾನೆ. ನಡೆಯಲಾರದವನಿಗೆ ಕಣ್ಣು ತೆರೆದಿದೆ, ಗಟ್ಟಿಯಾಗಿ ನಿಂತವನಿಗೆ ಮಂಕು ಕವಿದಿದೆ. ಕೂಟದಲ್ಲಿ ಗದಾಯುದ್ಧದ ಕೊನೆಯ ಭಾಗವನ್ನು ಹೇಳುವ ಅರ್ಥಧಾರಿಗಳು ಭಾಸನ ಈ ಪುಟಗಳನ್ನು ಓದಿಕೊಂಡು ಬಂದರೆ ದುರ್ಯೋಧನ ತಲೆಗಳನ್ನು ನೋಡುವ ನೋಟವೇ ಬದಲಾಗುತ್ತದೆ. ಛಲದ ಕೌರವನಿಗೆ ಆ ತಲೆಗಳು ಸೋಲಿನ ಸುದ್ದಿ. ಭಾಸನ ಕೌರವನಿಗಾದರೆ ಅವು ಮಕ್ಕಳು. ದುರ್ಜಯನ ವಯಸ್ಸಿಗಿಂತ ಸ್ವಲ್ಪ ದೊಡ್ಡ ಮಕ್ಕಳು.

ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ಬಂದಾಗ ಎದ್ದ ದೊಡ್ಡ ಆಕ್ಷೇಪವೆಂದರೆ ಅವರು ಚಿರಂಜೀವಿಯನ್ನು ಸಾಯಿಸಿದರು ಎನ್ನುವುದು. ಅಜಾಕ್ಸ್‌ನ ದಾರಿಯಲ್ಲೇ ಅವರ ನಾಯಕನೂ ತನ್ನ ಕೈಯಾರೆ ಸಾಯುತ್ತಾನೆ. ಏಳು ಚಿರಂಜೀವಿಗಳ ಹೆಸರನ್ನು ಬೆಳಗ್ಗೆ ಎದ್ದು ಹೇಳುವ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ಅವರ ಹಳಗನ್ನಡದ ಗತ್ತು, ಕಟ್ಟೋಣದ ಬಿಗಿ ನನಗೆ ಬಹಳ ಇಷ್ಟ. ಆದರೂ ಈ ಒಂದು ವಿಷಯದಲ್ಲಿ ವ್ಯಾಸರ ತೀರ್ಪೇ ಹೆಚ್ಚು ಕಠಿಣ ಎಂದು ನನಗನಿಸುತ್ತದೆ. ಅಜಾಕ್ಸ್‌ಗೆ ಸಾವು ಒಂದು ಬಿಡುಗಡೆ. ಮರ್ಯಾದೆಯ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ. ವ್ಯಾಸರ ಅಶ್ವತ್ಥಾಮನಿಗೆ ಆ ಬಿಡುಗಡೆ ಇಲ್ಲ. ಹುಟ್ಟಿನಿಂದ ತಲೆಯಲ್ಲಿದ್ದ ಮಣಿಯನ್ನು ಕಳೆದುಕೊಂಡು, ಕೃಷ್ಣನ ಶಾಪ ಹೊತ್ತು, ಮೂರು ಸಾವಿರ ವರ್ಷ ಜೊತೆಗಾರರಿಲ್ಲದೆ, ಮಾತಾಡುವವರಿಲ್ಲದೆ ಅಲೆಯಬೇಕು. ಮಾತಿಗೆ ಯಾರೂ ಸಿಗಬಾರದು ಎಂಬುದು ಆ ಶಾಪದ ಅತ್ಯಂತ ಕ್ರೂರ ಭಾಗ. ತಾನು ಮಾಡಿದ್ದೇನೆಂದು ಗೊತ್ತಿದೆ, ಅದನ್ನು ಒಪ್ಪಿಸಲು ಇದಿರು ಯಾರೂ ಇಲ್ಲ.

ಹೆರಾಕ್ಲಿಸ್‌ನ ಪಾಲಿಗೆ ಥೀಸಿಯಸ್ ಎಂಬ ಗೆಳೆಯ ಬರುತ್ತಾನೆ. ಸಾಯಲು ಹೊರಟವನ ಕೈ ಹಿಡಿದು, ಕೊಲೆಯ ಮೈಲಿಗೆ ತನಗೆ ತಾಗಿದರೂ ಸರಿಯೆಂದು, ತನ್ನ ಊರಾದ ಅಥೆನ್ಸ್‌ಗೆ ಕರೆದೊಯ್ಯುತ್ತಾನೆ. ಅಜಾಕ್ಸ್ ಸತ್ತ ಮೇಲೆ ಅವನ ಹೆಣಕ್ಕೆ ಸಂಸ್ಕಾರ ಬೇಡವೆಂದು ಅಗಮೆಮ್ನಾನ್, ಮೆನೆಲಾಸ್ ಹಟ ಹಿಡಿದಾಗ ಅವನ ಪರವಾಗಿ ವಾದಿಸುವವನು ಯಾರು? ಯಾರನ್ನು ಅವನು ಟಗರಿನ ರೂಪದಲ್ಲಿ ಹೊಡೆದಿದ್ದನೋ ಆ ಒಡಿಸ್ಸಿಯಸ್. ನಾಟಕದ ಆರಂಭದಲ್ಲೇ, ಮತಿಗೆಟ್ಟ ವೈರಿಯನ್ನು ನೋಡಿ ನಗು ಎಂದು ಅಥೀನಾ ಕರೆದಾಗ ಒಡಿಸ್ಸಿಯಸ್ ನಗಲಿಲ್ಲ. ಅವನ ಗತಿಯಲ್ಲಿ ತನ್ನ ಗತಿಯನ್ನೂ 
ಕಂಡ.

ನಮ್ಮ ಕಥೆಯಲ್ಲಿ ಒಡಿಸ್ಸಿಯಸ್‌ನ ಜಾಗಕ್ಕೆ ಬರುವವಳು ದ್ರೌಪದಿ. ಸೌಪ್ತಿಕ ಪರ್ವದ ದ್ರೌಪದಿ ಅಶ್ವತ್ಥಾಮನ ತಲೆಯ ಮಣಿಗಾಗಿ ಉಪವಾಸ ಕೂರುತ್ತಾಳೆ. ಭಾಗವತದ ಮೊದಲ ಸ್ಕಂಧದ ದ್ರೌಪದಿ ಬೇರೆ. ಅರ್ಜುನ ಅಶ್ವತ್ಥಾಮನನ್ನು ಹಗ್ಗದಲ್ಲಿ ಕಟ್ಟಿ ತಂದು ಅವಳ ಮುಂದೆ ನಿಲ್ಲಿಸಿದಾಗ, ತಲೆ ತಗ್ಗಿಸಿ ನಿಂತವನನ್ನು ನೋಡಿ, ಬಿಟ್ಟುಬಿಡಿ ಎನ್ನುತ್ತಾಳೆ. ಮಕ್ಕಳನ್ನು ಕಳೆದುಕೊಂಡು ನಾನು ಅಳುತ್ತಿರುವ ಹಾಗೆ ಇವನ ತಾಯಿ ಕೃಪಿ ಅಳಬಾರದು ಎಂಬುದು ಅವಳು ಕೊಡುವ ಕಾರಣ. ಭೀಮ ಒಪ್ಪುವುದಿಲ್ಲ. ಕೊನೆಗೆ ಅರ್ಜುನ ಅವನ ಕೂದಲು ಕತ್ತರಿಸಿ, ಮಣಿ ಕಿತ್ತು, ಜೀವ ಉಳಿಸಿ ಅಟ್ಟುತ್ತಾನೆ. ಅಶ್ವತ್ಥಾಮನ ಕಿವಿಗೆ ದ್ರೌಪದಿಯ ಆ ಮಾತು ಬಿದ್ದಾಗ ಅವನಿಗೆ ಏನಾಯಿತು ಎಂಬುದರ ಬಗ್ಗೆ ಪುರಾಣ ಮೌನವಾಗಿದೆ. ಅರ್ಥಧಾರಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇರೆ ಬೇಕೇ?

ನಮ್ಮ ಕೂಟಗಳು ಸಾಮಾನ್ಯವಾಗಿ ದುರ್ಯೋಧನನ ಕೊನೆಯುಸಿರಿಗೆ ಅಥವಾ ಅದಕ್ಕೂ ಮೊದಲೇ ಮಂಗಳ ಹಾಡಿಬಿಡುತ್ತವೆ. ಮೂರು ಗಂಟೆಯ ಕೂಟಕ್ಕೆ ಸಂಘಟಕರು ಒತ್ತಾಯಿಸುವ ಈ ಕಾಲದಲ್ಲಿ ಸರೋವರದ ಸಂವಾದಕ್ಕೇ ಎರಡು ಗಂಟೆ ಹೋಗಿರುತ್ತದೆ. ಅಶ್ವತ್ಥಾಮನನ್ನು ಹೊಸಬರಿಗೆ ಕೊಡುವುದು, ದ್ರೌಪದಿಗೆ ಎರಡು ಪದ್ಯ ಬಿಟ್ಟು ಮುಂದೆ ಹೋಗುವುದು ವಾಡಿಕೆ. ಚಾತುರ್ಮಾಸ್ಯದ ಸರಣಿಯಲ್ಲಿ ಒಂದು ದಿನವನ್ನಾದರೂ ಗದಾಯುದ್ಧ ಮುಗಿದಲ್ಲಿಂದ ಆರಂಭಿಸಬಹುದು. ಆಲದ ಮರದ ಕೃಪ–ಅಶ್ವತ್ಥಾಮ ಸಂವಾದಕ್ಕೆ ಒಂದು ಗಂಟೆ, ತಲೆಗಳ ಸನ್ನಿವೇಶಕ್ಕೆ ಅರ್ಧ, ಉಳಿದದ್ದೆಲ್ಲ ದ್ರೌಪದಿಯ ಅಂಗಳಕ್ಕೆ. ಆ ದಿನ ಅಶ್ವತ್ಥಾಮನಿಗೆ ಎಷ್ಟು ಅನುಭವಿ ಅರ್ಥಧಾರಿ ಬೇಕೋ ದ್ರೌಪದಿಗೂ ಅಷ್ಟೇ ಅನುಭವಿಗಳು ಬೇಕು. ಮಳೆಗಾಲದ ರಾತ್ರಿಯಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತಿದೆ, ಕೇಳುವವರೂ ಇದ್ದಾರೆ.